ಒಕ್ಕಲು ಮನೆಗಳ ಚರಿತ್ರೆ ಕಾಯ್ದ ಹೆಳವರು

ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಕಟ್ಟಡವಿರುವ ಸಂಸ್ಥೆಗಳ ಚರಿತ್ರೆ ಅಚ್ಚಾಗುತ್ತದೆ. ದೇವಸ್ಥಾನದ ಜೀರ್ಣೋದ್ಧಾರ ಮಾಡಿಸಿದವರು, ಶಾಲೆಗೆ ಜಾಗ ಬಿಟ್ಟುಕೊಟ್ಟವರು, ಸಹಕಾರ ಸಂಘದ ಮೊದಲ ಅಧ್ಯಕ್ಷರು, ಇವರ ಹೆಸರುಗಳು ದಾಖಲಾಗುತ್ತವೆ. ದಾಖಲಾಗಲೇಬೇಕು. ಈ ಲೇಖನ ಮಾತ್ರ ಕಟ್ಟಡವಿಲ್ಲದ, ರಿಜಿಸ್ಟ್ರೇಷನ್ ನಂಬರಿಲ್ಲದ, ಆಡಳಿತ ಮಂಡಳಿಯಿಲ್ಲದ ಒಂದು ಸಂಸ್ಥೆಯನ್ನು ಕುರಿತದ್ದು. ನಮ್ಮ ಒಕ್ಕಲು ಮನೆಗಳು ಯಾವ ಊರು ಬಿಟ್ಟು ಬಂದವು, ಏಕೆ ಬಿಟ್ಟವು, ಮೂಲಪುರುಷ ಯಾರು, ಬೆಡಗು ಅಂದರೆ ಕುಲದ ಕವಲು ಯಾವುದು, ಮನೆದೇವರು ಎಲ್ಲಿ ಎಂಬುದನ್ನೆಲ್ಲ ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದ ಹೆಳವರ ಪರಂಪರೆಯೇ ಆ ಸಂಸ್ಥೆ. ಯಗಟಿ ಸೀಮೆಯ ಚರಿತ್ರೆ ಬರೆಯಲು ಹೊರಟ ಯಾರೇ ಆಗಲಿ, ಮೊದಲು ಕೈಮುಗಿಯಬೇಕಾದದ್ದು ಇವರಿಗೆ.

ಬಂದು ನೆಲೆಸಿದವರ ಸೀಮೆ

ಕಡೂರು ತಾಲ್ಲೂಕಿನ ಯಗಟಿ ಹೋಬಳಿ ಮಲೆನಾಡಿನ ಅಂಚಿನಿಂದ ಬಯಲಿಗೆ ಇಳಿದ ಸೀಮೆ. ರಾಗಿ, ತೆಂಗು, ಕುರಿ, ದನ ಇಲ್ಲಿನ ಬದುಕು. ಮಳೆ ಕೈಕೊಟ್ಟ ವರ್ಷ ಕೆರೆ ಒಣಗುತ್ತದೆ, ಜನ ಗುಳೆ ಹೋಗುತ್ತಾರೆ. ಮಳೆ ಹಿಡಿದ ವರ್ಷ ಇನ್ನಾರೋ ಬಂದು ಪಾಳುಬಿದ್ದ ಹೊಲಕ್ಕೆ ನೇಗಿಲು ಕಟ್ಟುತ್ತಾರೆ. ಆದ್ದರಿಂದಲೇ ಇಲ್ಲಿನ ಹಿರಿಯರನ್ನು ಕೇಳಿದರೆ ‘ನಾವು ಇಲ್ಲಿಯವರೇ’ ಎನ್ನುವವರಿಗಿಂತ ‘ನಮ್ಮ ಹಿರೀಕರು ಇಂಥಾ ಕಡೆಯಿಂದ ಬಂದವರಂತೆ’ ಎನ್ನುವವರೇ ಹೆಚ್ಚು.

ಊರು ಬಿಡಿಸಿದ ಕಾರಣಗಳು ಒಂದೆರಡಲ್ಲ. ದಂಡು ಬಂದಾಗ ಪಾಳೆಯಗಾರರೇ ನೆಲೆ ಬದಲಿಸಿದ್ದಾರೆ. ತರೀಕೆರೆ ಪಾಳೆಯಗಾರರ ಮನೆತನ ಮೊದಲು ಬಸವಾಪಟ್ಟಣದಲ್ಲಿತ್ತು. ಬಿಜಾಪುರದ ದಂಡಿನ ಕಾಟಕ್ಕೆ ಸಂತೆಬೆನ್ನೂರಿಗೆ ಬಂದು, ಕೊನೆಗೆ ತರೀಕೆರೆಯಲ್ಲಿ ನೆಲೆನಿಂತಿತು. ದೊರೆಮನೆಗೇ ಈ ಗತಿಯಾದರೆ ಅದರ ನೆರಳಲ್ಲಿದ್ದ ಒಕ್ಕಲಿನ ಪಾಡು ಕೇಳಬೇಕೆ? ಆಮೇಲೆ 1876–78ರ ದೊಡ್ಡ ಬರ ಬಂತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಸತ್ತವರ ಲೆಕ್ಕ ಸರ್ಕಾರದ ಕಡತಕ್ಕೆ ಬಂತು. ಬದುಕುಳಿದು ಊರು ಬದಲಿಸಿದ ಮನೆಗಳ ಲೆಕ್ಕ ಅಲ್ಲಿಗೆ ಬರಲಿಲ್ಲ.

ಕಲ್ಲಿನ ದಾಖಲೆಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಗಂಗ ದೊರೆ ಬೂತುಗನ ಅಕ್ಕ ಪಾಂಬಬ್ಬೆ ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ದೇಹಬಿಟ್ಟಳೆಂದು ಕಡೂರಿನ ಕಲ್ಲು ಹೇಳುತ್ತದೆ. ತರೀಕೆರೆ ಬಳಿಯ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ದೇಗುಲವನ್ನು 1196ರಲ್ಲಿ ಕಟ್ಟಿಸಿದ. ಶಾಸನತಜ್ಞ ಬಿ. ಎಲ್. ರೈಸ್ ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನೆಲ್ಲ ಒಟ್ಟುಮಾಡಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವಾಗಿ 1901ರಲ್ಲಿ ಅಚ್ಚು ಹಾಕಿಸಿದರು. ಆದರೆ ಕಲ್ಲು ಬರೆಸಬಲ್ಲವರು ಅರಸರು, ದಂಡನಾಯಕರು, ದಾನಿಗಳು. ತುರು ಕಾಯುತ್ತ ಸತ್ತ ವೀರನಿಗೆ ಒಂದು ವೀರಗಲ್ಲು ಸಿಕ್ಕೀತು. ಎರಡು ಜೋಡಿ ಎತ್ತು, ಒಂದು ಮೂಟೆ ಬಿತ್ತನೆ ರಾಗಿ, ಮನೆದೇವರ ಪೆಟ್ಟಿಗೆ ಹೊತ್ತು ಹೊಸ ಊರಿಗೆ ನಡೆದ ಒಕ್ಕಲಿಗನಿಗೆ ಕಲ್ಲು ನಿಲ್ಲಿಸುವವರು ಯಾರು? ಅವನ ಹೆಸರು ಉಳಿದಿದ್ದರೆ ಅದು ಹೆಳವರ ಬಾಯಲ್ಲಿ ಮತ್ತು ಹೊತ್ತಿಗೆಯಲ್ಲಿ ಉಳಿದಿದೆ.

ಅಂಗಳಕ್ಕೆ ಬಂದ ಬಸವ

ಸುಗ್ಗಿ ಮುಗಿದು ಕಣಜ ತುಂಬಿದ ಮೇಲೆ ಹೆಳವರು ಬರುವ ಕಾಲ. ಊರ ಹೊರಗಿನ ತೋಪಿನಲ್ಲಿ ಬಿಡಾರ ಹೂಡುತ್ತಾರೆ. ಬೆಳಗ್ಗೆ ಎತ್ತಿನ ಮೇಲೆ ಕುಳಿತು, ಕೈಯಲ್ಲಿ ಗಂಟೆ ಹಿಡಿದು, ಮನೆ ಮುಂದೆ ನಿಲ್ಲುತ್ತಾರೆ. ಗಂಟೆಯ ಸದ್ದು ಕೇಳುತ್ತಲೇ ಒಳಗಿದ್ದವರು ‘ಹೆಳವರು ಬಂದವ್ರೆ’ ಎಂದು ಹೊರಗೆ ಬರುತ್ತಾರೆ. ಬಸವನ ಕಾಲಿಗೆ ನೀರು ಹಾಕುತ್ತಾರೆ. ಮನೆಯ ಹಿರಿಯರು ಜಗಲಿಯ ಮೇಲೆ ಕೂರುತ್ತಾರೆ.

ಆಮೇಲೆ ಮನೆತನದ ಹೊಗಳಿಕೆ ಶುರುವಾಗುತ್ತದೆ. ಮೊದಲು ದೇವರ ಸ್ತುತಿ, ನಂತರ ಬೆಡಗು, ನಂತರ ಮೂಲಪುರುಷ, ಅವನು ಇದ್ದ ಊರು. ಅಲ್ಲಿಂದ ಹೊರಟ ಕಾರಣ ಬರವಿರಬಹುದು, ದಂಡಿರಬಹುದು, ದಾಯಾದಿ ಜಗಳವಿರಬಹುದು, ಊರಗೌಡನ ಮೇಲಿನ ಮುನಿಸಿರಬಹುದು. ನಡುದಾರಿಯಲ್ಲಿ ತಂಗಿದ ಊರುಗಳು, ಅಲ್ಲಲ್ಲೇ ಉಳಿದುಬಿಟ್ಟ ಅಣ್ಣತಮ್ಮಂದಿರು, ಈ ಊರಿಗೆ ಬಂದು ಮೊದಲು ಗುದ್ದಲಿ ಹಾಕಿದವನು, ಅವನ ಮಕ್ಕಳು, ಕವಲೊಡೆದ ಮನೆಗಳು ಒಂದೊಂದಾಗಿ ಬರುತ್ತವೆ. ಕೊನೆಗೆ ಜಗಲಿಯ ಮೇಲೆ ಕೂತಿರುವ ಹಿರಿಯರ ಅಪ್ಪನ ಹೆಸರು ಬರುತ್ತದೆ, ಅವರದೇ ಹೆಸರು ಬರುತ್ತದೆ. ಅಲ್ಲಿಯವರೆಗೆ ಆಟವಾಡುತ್ತಿದ್ದ ಮಕ್ಕಳು ಕೂಡ ಆ ಗಳಿಗೆಯಲ್ಲಿ ಸುಮ್ಮನಾಗುತ್ತಾರೆ. ಮುಂದಿನ ಹೆಸರು ತಮ್ಮದೇ ಎಂದು ಅವರಿಗೆ ಗೊತ್ತಾಗಿರುತ್ತದೆ.

ಹೇಳಿಕೆ ಮುಗಿದ ಮೇಲೆ ಲೆಕ್ಕ ಹೊಸದಾಗುತ್ತದೆ. ಕಳೆದ ಸಲ ಬಂದುಹೋದ ಮೇಲೆ ಹುಟ್ಟಿದವರು ಯಾರು, ತೀರಿಕೊಂಡವರು ಯಾರು, ಪಾಲಾಗಿ ಬೇರೆ ಒಲೆ ಹೂಡಿದವರು ಯಾರು, ದತ್ತು ಹೋದವರು ಯಾರು ಎಂದು ಕೇಳಿ ಬರೆದುಕೊಳ್ಳುತ್ತಾರೆ. ತಪ್ಪಿದ್ದರೆ ಮನೆಯವರು ತಿದ್ದುತ್ತಾರೆ. ಮನೆಯವರು ಮರೆತಿದ್ದರೆ ಹೆಳವರು ನೆನಪಿಸುತ್ತಾರೆ. ದಾಖಲೆಯನ್ನು ಅದರ ವಾರಸುದಾರರ ಎದುರಿಗೇ ಓದಿ ಒಪ್ಪಿಸುವ ಈ ಪದ್ಧತಿ ಅದರ ನಂಬಿಕೆಗೆ ಆಧಾರ. ಯಾವ ಸರ್ಕಾರಿ ದಫ್ತರವೂ ಮನೆ ಬಾಗಿಲಿಗೆ ಬಂದು ಹೀಗೆ ಓದಿ ಹೇಳಿದ್ದಿಲ್ಲ.

ಇದಕ್ಕೆ ಸಲ್ಲುವ ಕಾಣಿಕೆ ಮನೆಯ ಶಕ್ತಿಗೆ ತಕ್ಕಂತೆ. ಮೊರದ ತುಂಬ ರಾಗಿ, ಕಾಯಿ, ಸೀರೆ, ಪಂಚೆ, ಹಿತ್ತಾಳೆ ಪಾತ್ರೆ, ಒಳ್ಳೆಯ ಕಾಲದಲ್ಲಿ ಒಂದು ಕರು. ಈಗ ಹೆಚ್ಚಾಗಿ ಹಣ.

ಹಕ್ಕು, ಹೊಣೆ, ಹೊತ್ತಿಗೆ

ತಮ್ಮ ಹುಟ್ಟಿನ ಬಗ್ಗೆ ಹೆಳವರು ಹೇಳುವ ಕತೆಗಳು ಸೀಮೆಯಿಂದ ಸೀಮೆಗೆ ಬೇರೆ. ತಿರುಳು ಮಾತ್ರ ಒಂದೇ. ಹಲವು ಮಂದಿ ಅಣ್ಣತಮ್ಮಂದಿರ ಮನೆಯಲ್ಲಿ ಒಬ್ಬ ಕಾಲಿಲ್ಲದವನಿದ್ದ. ಉಳುವುದು ಅವನಿಂದಾಗದು. ಅವನಿಗೆ ಒಂದು ಎತ್ತು ಕೊಟ್ಟು, ‘ನೀನು ನಮ್ಮ ಮನೆಗಳಿಗೆಲ್ಲ ಹೋಗಿ ಕುಲದ ಕತೆ ಹೇಳು, ನಿನ್ನ ಹೊಟ್ಟೆಬಟ್ಟೆ ನಮ್ಮ ಹೊಣೆ’ ಎಂದು ಅಣ್ಣತಮ್ಮಂದಿರು ಮಾತುಕೊಟ್ಟರು. ಅವನ ವಂಶದವರೇ ಹೆಳವರಾದರು. ಈ ಕತೆಯಲ್ಲಿ ಒಂದು ಒಪ್ಪಂದವಿದೆ. ಕತೆ ಹೇಳುವವನು ಒಕ್ಕಲು ಮನೆಗೆ ಹೊರಗಿನವನಲ್ಲ, ಪಾಲಿಗೆ ಹಕ್ಕುಳ್ಳ ತಮ್ಮ. ಅವನಿಗೆ ಕೊಡುವ ರಾಗಿ ಭಿಕ್ಷೆಯಾಗದೆ ಪಾಲಾಗುತ್ತದೆ. ತೆಲುಗು ಸೀಮೆಯಲ್ಲಿ ಇದೇ ಕೆಲಸ ಮಾಡುವ ಪಿಚ್ಚಿಗುಂಟ್ಲವರಲ್ಲೂ ಇಂಥದೇ ಕತೆಯಿದೆ.

ಹಕ್ಕಿನ ಕಟ್ಟುಪಾಡೂ ಬಿಗಿಯಾದದ್ದು. ಲಿಂಗಾಯತ, ಒಕ್ಕಲಿಗ, ಕುರುಬ ಮೊದಲಾದ ಸಮುದಾಯಗಳ ಇಂತಿಂಥ ಮನೆತನ ಇಂತಿಂಥ ಹೆಳವ ಕುಟುಂಬಕ್ಕೆ ಸೇರಿದ್ದು ಎಂದು ಗೊತ್ತುಪಾಡು. ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಂತಿಲ್ಲ. ಹೆಳವ ಅಣ್ಣತಮ್ಮಂದಿರು ಬೇರೆಯಾದರೆ ಹೊಲದಂತೆ ಅವರು ಸುತ್ತುವ ಊರುಗಳೂ ಪಾಲಾಗುತ್ತವೆ. ಮನೆತನದವರು ನೂರು ಮೈಲಿ ದೂರಕ್ಕೆ ವಲಸೆ ಹೋದರೂ ಹೆಳವರು ಹುಡುಕಿಕೊಂಡು ಹೋಗುತ್ತಾರೆ. ಇದರಿಂದಲೇ ಒಂದೇ ಬೇರಿನ ಮನೆಗಳು ಎಲ್ಲೆಲ್ಲಿ ಚೆದುರಿವೆ ಎಂಬುದು ಒಬ್ಬರ ಕೈಯಲ್ಲಿ ಒಟ್ಟಾಗಿ ಉಳಿಯಿತು. ಸಂಬಂಧ ನೋಡುವಾಗ ಬೆಡಗು ಕೂಡುತ್ತದೆಯೇ, ದಾಯಾದಿಗಳಾಗುತ್ತಾರೆಯೇ ಎಂಬ ಅನುಮಾನ ಬಂದರೆ, ಆಸ್ತಿಯ ತಕರಾರಿನಲ್ಲಿ ವಂಶದ ಕೊಂಡಿ ತಪ್ಪಿದರೆ, ಹಿರಿಯರು ‘ಹೆಳವರು ಬರಲಿ, ಕೇಳೋಣ’ ಎನ್ನುತ್ತಿದ್ದುದು ಇದೇ ಕಾರಣಕ್ಕೆ.

ಹಿಂದೆ ಇದೆಲ್ಲ ಬಾಯಿಪಾಠ. ತಂದೆಯ ಜೊತೆ ಊರೂರು ಸುತ್ತುತ್ತ ಮಗ ಕಲಿಯುತ್ತಿದ್ದ. ತಾಳೆಗರಿಯಲ್ಲಿ, ತಾಮ್ರದ ತಗಡಿನಲ್ಲಿ ಬರೆದದ್ದೂ ತಮ್ಮಲ್ಲಿ ಇತ್ತೆಂದು ಹೆಳವ ಮನೆತನಗಳು ಹೇಳುತ್ತವೆ. ಕಾಗದ ಬಂದ ಮೇಲೆ ಉದ್ದನೆಯ ಲೆಕ್ಕದ ಪುಸ್ತಕಗಳಾದವು. ಬಟ್ಟೆಯಲ್ಲಿ ಸುತ್ತಿ, ಮಳೆಗೆ ನೆನೆಯದಂತೆ, ಗೆದ್ದಲಿಗೆ ಸಿಗದಂತೆ ಬಿಡಾರದಿಂದ ಬಿಡಾರಕ್ಕೆ ಹೊತ್ತು ತಂದ ಈ ಪುಸ್ತಕಗಳಿಗೆ ಅವರ ಮನೆಯಲ್ಲಿ ದೇವರ ಸ್ಥಾನ.

ಜೊತೆಗಾರರು

ಈ ಕೆಲಸದಲ್ಲಿ ಹೆಳವರು ಒಬ್ಬಂಟಿಗರಲ್ಲ. ಕಡೂರು, ತರೀಕೆರೆ ಕಡೆಯ ತಾಂಡಾಗಳಲ್ಲಿ ಲಂಬಾಣಿ ಜನರಿದ್ದಾರೆ. ಎತ್ತಿನ ಹೇರುಗಳಲ್ಲಿ ಧಾನ್ಯ, ಉಪ್ಪು ಸಾಗಿಸುತ್ತ ಉತ್ತರದಿಂದ ದಕ್ಷಿಣಕ್ಕೆ ಬಂದ ಆ ಜನಕ್ಕೆ ಅವರದೇ ಆದ ಢಾಡಿಗಳು ಕುಲದ ಕತೆ ಹಾಡುತ್ತಾರೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪ, ಎತ್ತಪ್ಪರ ಕಾವ್ಯಗಳು ದನದ ಹಿಂಡಿನೊಂದಿಗೆ ನಡೆದುಬಂದ ದಾರಿಯನ್ನು ಹೇಳುತ್ತವೆ. ಶಾನುಭೋಗರ ಮನೆಗಳಲ್ಲಿ ಜಮೀನಿನ ಲೆಕ್ಕದ ಕಡತಗಳಿದ್ದವು. ನಮ್ಮದೇ ಜಿಲ್ಲೆಯ ಶೃಂಗೇರಿ ಮಠದ ಕಡಿತಗಳು, ಅಂದರೆ ಬಟ್ಟೆಯ ಮೇಲೆ ಬರೆದ ಲೆಕ್ಕಪತ್ರಗಳು, ಇವತ್ತಿಗೂ ವಿದ್ವಾಂಸರಿಗೆ ಆಕರ. ಮಠದ ಕಡಿತಕ್ಕೆ ಕಟ್ಟಡವಿತ್ತು, ಕಾವಲಿತ್ತು. ಹೆಳವರ ಹೊತ್ತಿಗೆಗೆ ಎತ್ತಿನ ಬೆನ್ನೊಂದೇ ಆಸರೆ.

ಸರ್ಕಾರ ನೋಡಿದ ಬಗೆ

ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಮೈಸೂರು ಸಂಸ್ಥಾನ ಜಾತಿ-ಬುಡಕಟ್ಟುಗಳ ಸಮೀಕ್ಷೆ ನಡೆಸಿತು. ಅದನ್ನು ಮುನ್ನಡೆಸಿದವರು ಎಚ್. ವಿ. ನಂಜುಂಡಯ್ಯನವರು, ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳೂ ಆದವರು. ಅವರು 1920ರಲ್ಲಿ ತೀರಿಕೊಂಡ ಮೇಲೆ ಎಲ್. ಕೆ. ಅನಂತಕೃಷ್ಣ ಅಯ್ಯರ್ ಕೆಲಸ ಪೂರೈಸಿದರು. ಸಂಪುಟಗಳು 1928ರಿಂದ 1935ರ ನಡುವೆ ಹೊರಬಂದವು. ಅಂದಿನ ಇಂಥ ಸಮೀಕ್ಷೆಗಳು ಹೆಳವರನ್ನು ಬೇಡಿ ತಿನ್ನುವ ಜಾತಿಗಳ ಸಾಲಿಗೆ ಸೇರಿಸಿದವು. ಸಮೀಕ್ಷೆಯ ಶ್ರಮದ ಬಗ್ಗೆ ಗೌರವವಿಟ್ಟುಕೊಂಡೇ ಈ ಮಾತು ಹೇಳಬೇಕು: ಆ ವರ್ಗೀಕರಣ ಅನ್ಯಾಯದ್ದು. ದಾಖಲೆ ಬರೆದು ಸಂಬಳ ಪಡೆದವನನ್ನು ಗುಮಾಸ್ತ ಎಂದೆವು, ದಾಖಲೆ ಹೇಳಿ ರಾಗಿ ಪಡೆದವನನ್ನು ಭಿಕ್ಷುಕ ಎಂದೆವು. ಇಂದು ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ-1ರಲ್ಲಿರುವ ಈ ಸಮುದಾಯ ಮಕ್ಕಳ ಓದಿಗೆ, ಮನೆಯ ನಿವೇಶನಕ್ಕೆ ಇನ್ನೂ ಹೆಣಗುತ್ತಿದೆ.

ಹಳೆಯ ವ್ಯವಸ್ಥೆ ಸಡಿಲಾದ ಬಗೆಯನ್ನೂ ಗುರುತಿಸಬೇಕು. 1961ರ ಕಾಯಿದೆಯಿಂದ ಪಟೇಲ, ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು. 1974ರ ಭೂಸುಧಾರಣೆಯಲ್ಲಿ ಗೇಣಿದಾರ ಭೂಮಿಯ ಒಡೆಯನಾದ. ಎರಡೂ ಆಗಬೇಕಾದ ಬದಲಾವಣೆಗಳೇ. ಅವುಗಳ ಜೊತೆಗೇ ಅವಿಭಕ್ತ ಕುಟುಂಬ ಒಡೆಯಿತು, ಕಣಜ ಹೋಯಿತು, ಮಕ್ಕಳು ಬೆಂಗಳೂರು ಸೇರಿದರು. ಹೆಳವರು ಬಂದಾಗ ಮನೆಯಲ್ಲಿ ವಯಸ್ಸಾದ ಅಜ್ಜ, ಅಜ್ಜಿ ಮಾತ್ರ. ಕೇಳುವವರಿಲ್ಲದ ಕಡೆ ಹೇಳುವವರ ದನಿಯೂ ಕುಗ್ಗುತ್ತದೆ. ಹೆಳವರ ಮಕ್ಕಳು ಕೂಡ ಬೇರೆ ದುಡಿಮೆ ಹಿಡಿದಿದ್ದಾರೆ. ಅದು ಅವರ ಹಕ್ಕು. ಮನೆಮನೆ ಸುತ್ತುವ ಕಷ್ಟವನ್ನು ಅವರೇ ಹೊತ್ತಿರಲಿ ಎಂದು ಬಯಸಲು ನಮಗೆ ಯಾವ ಅಧಿಕಾರವೂ ಇಲ್ಲ.

ಇಂದು ನಮ್ಮ ಮನೆಗಳಲ್ಲಿ ‘ವಂಶವೃಕ್ಷ’ ನೆನಪಾಗುವುದು ಪೌತಿ ಖಾತೆಗೆ ಅರ್ಜಿ ಹಾಕುವಾಗ. ಪಹಣಿ ಅಪ್ಪನ ಹೆಸರಿನಲ್ಲಿದೆ, ಅಪ್ಪ ಇಲ್ಲ. ನಾಡಕಚೇರಿಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಪ್ರತಿ ಕೊಡಬೇಕು. ಆ ನಮೂನೆಯಲ್ಲಿ ತೀರಿಕೊಂಡವರು, ಅವರ ಹೆಂಡತಿ, ಮಕ್ಕಳು ಎಂದು ಎರಡು ಮೂರು ತಲೆಮಾರು ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ. ಆಸ್ತಿ ಎಷ್ಟಿದೆಯೋ ಅಷ್ಟೇ ಉದ್ದದ ನೆನಪು. ಹೆಳವರ ಹೊತ್ತಿಗೆಯಾದರೋ ಆಸ್ತಿ ಕಳೆದುಕೊಂಡು ಊರು ಬಿಟ್ಟವನ ಹೆಸರನ್ನೂ ಕಾಪಾಡಿತು.

ಮತ್ತೆ ಮತ್ತೆ ಊರು ಬಿಟ್ಟವರು

ವಲಸೆ ಹಳೆಯ ಕಾಲದ ಸಂಗತಿ ಎಂದು ತಿಳಿಯುವಂತಿಲ್ಲ. ನಮ್ಮ ವೇದಾವತಿ ನದಿಗೆ ಹಿರಿಯೂರಿನ ಬಳಿ 1907ರ ಹೊತ್ತಿಗೆ ವಾಣಿವಿಲಾಸ ಸಾಗರ ಕಟ್ಟಿದಾಗ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಾಗ ಇನ್ನಷ್ಟು ಊರುಗಳು ಹೋದವು. ಈ ಶತಮಾನದ ಆರಂಭದಲ್ಲಿ ಭದ್ರಾ ಅಭಯಾರಣ್ಯದ ಒಳಗಿದ್ದ ಹಳ್ಳಿಗಳ ನೂರಾರು ಕುಟುಂಬಗಳನ್ನು ಲಕ್ಕವಳ್ಳಿ ಸಮೀಪದ ಎಂ. ಸಿ. ಹಳ್ಳಿಗೆ ಸ್ಥಳಾಂತರಿಸಲಾಯಿತು. ಆ ಮನೆಗಳ ಮೊಮ್ಮಕ್ಕಳಿಗೆ ಹಳೆಯ ಊರಿನ ಬಾವಿ, ಗುಡಿ, ಗದ್ದೆಯ ಹೆಸರು ಹೇಳುವವರು ಯಾರು? ಬೆಂಗಳೂರಿನಲ್ಲಿ, ಇನ್ನೂ ದೂರದ ಅಮೆರಿಕದಲ್ಲಿ ನೆಲೆಸಿದ ಯಗಟಿ ಕಡೆಯ ಮನೆಗಳ ಮಕ್ಕಳಿಗೂ ಇದೇ ಪ್ರಶ್ನೆ ಇದೆ.

ಈ ಪ್ರಶ್ನೆಗೆ ಬೇರೆ ಜನ ಕಂಡುಕೊಂಡ ಉತ್ತರ ನಮಗೆ ಪಾಠವಾಗಬಲ್ಲದು. ನಾರ್ವೆಯ ಸ್ಟಾವಾಂಗರ್ ಬಂದರಿನಿಂದ 1825ರ ಜುಲೈ 4ರಂದು ‘ರೆಸ್ಟೊರೇಷನ್’ ಎಂಬ ಪುಟ್ಟ ಹಡಗಿನಲ್ಲಿ 52 ಮಂದಿ ಅಮೆರಿಕಕ್ಕೆ ಹೊರಟರು. ನಡುಗಡಲಿನಲ್ಲಿ ಒಂದು ಮಗು ಹುಟ್ಟಿ, ಅಕ್ಟೋಬರ್ 9ರಂದು ನ್ಯೂಯಾರ್ಕ್ ಮುಟ್ಟುವಾಗ 53 ಮಂದಿಯಾಗಿದ್ದರು. ಮುಂದಿನ ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ನಾರ್ವೆ ಜನ ಅದೇ ದಾರಿ ಹಿಡಿದರು. ಹೆಚ್ಚಿನವರು ನಮ್ಮವರಂತೆಯೇ ತುಂಡುಭೂಮಿಯ ರೈತರು. ಹೊಸ ನಾಡಿನಲ್ಲಿ ಅವರು ತಾವು ಬಿಟ್ಟುಬಂದ ಸೀಮೆಗೊಂದರಂತೆ ಸಂಘ ಕಟ್ಟಿಕೊಂಡರು. ವಾಲ್ಡ್ರೆಸ್ ಕಣಿವೆಯವರ ಸಂಘ 1899ರಲ್ಲಿ ಮೊದಲು ಸೇರಿತು. ಸೀಮೆಯ ಮಾತು, ಹಾಡು, ಮನೆತನಗಳ ವಂಶಾವಳಿ ಒಟ್ಟುಮಾಡುವುದು ಅವರ ಕೆಲಸವಾಯಿತು. ಮೊದಲ ಹಡಗು ಹೊರಟು ನೂರು ವರ್ಷ ತುಂಬಿದ 1925ರಲ್ಲಿ, ಅಕ್ಟೋಬರ್ 6ರಂದು, ಮಿನೆಸೋಟಾದ ನಾರ್ತ್‌ಫೀಲ್ಡ್‌ನ ಸೇಂಟ್ ಓಲಾಫ್ ಕಾಲೇಜಿನಲ್ಲಿ ನಾರ್ವೇಜಿಯನ್-ಅಮೆರಿಕನ್ ಚರಿತ್ರೆ ಸಂಘ ಹುಟ್ಟಿತು. ಕಾದಂಬರಿಕಾರ ಓ. ಇ. ರೋಲ್ವಾಗ್ ಅದರ ಕಾರ್ಯದರ್ಶಿ, ಚರಿತ್ರೆಕಾರ ಥಿಯೊಡೋರ್ ಬ್ಲೆಗೆನ್ ಸಂಪಾದಕ. ಊರಿಗೆ ಬರೆದ ಕಾಗದ, ದಿನಚರಿ, ಚರ್ಚಿನ ಲೆಕ್ಕ, ಹಳೆಯ ಪತ್ರಿಕೆ, ಹೀಗೆ ಸಾಮಾನ್ಯ ವಲಸಿಗರ ಮನೆಯ ಪೆಟ್ಟಿಗೆಯಲ್ಲಿದ್ದ ಕಾಗದಗಳನ್ನೇ ಅವರು ಚರಿತ್ರೆಯ ಆಕರವೆಂದು ಮನ್ನಿಸಿದರು. ಅದೀಗ ನೂರು ವರ್ಷ ದಾಟಿದ ಸಂಸ್ಥೆ.

ಆ ಜನ ಹೊಸದಾಗಿ ಕಟ್ಟಿಕೊಳ್ಳಬೇಕಾದದ್ದು ನಮಗೆ ಹಿರಿಯರ ಕಾಲದಿಂದಲೇ ಸಿಕ್ಕಿದೆ. ಅವರ ಬಳಿ ಹೆಳವರಿರಲಿಲ್ಲ, ಕಾಪಾಡುವ ಛಲವಿತ್ತು. ನಮ್ಮ ಬಳಿ ಹೆಳವರಿದ್ದಾರೆ, ಛಲ ಬರಬೇಕಾಗಿದೆ.

ತುಂಬಬೇಕಾದ ಜಾಗಗಳು

ಹೆಳವರ ಹೊತ್ತಿಗೆಯನ್ನು ಗೌರವಿಸುವುದೆಂದರೆ ಅದರಲ್ಲಿ ಇಲ್ಲದ್ದನ್ನೂ ಕಾಣುವುದು. ಅದು ಗಂಡು ಸಂತಾನದ ಸರಣಿ. ಹೊಸ ಊರಿನಲ್ಲಿ ಒಲೆ ಹೂಡಿದ, ಬಿತ್ತನೆ ಕಾಳು ಕಾಪಾಡಿದ, ಬರದಲ್ಲಿ ಮಕ್ಕಳನ್ನು ಉಳಿಸಿದ ಹೆಣ್ಣುಮಕ್ಕಳ ಹೆಸರು ಅಲ್ಲಿ ಅಪರೂಪ. ಹೆಳವರಿಗೆ ಕಾಣಿಕೆ ಕೊಡಬಲ್ಲ ಮನೆಗಳ ಕತೆ ಉಳಿಯಿತು. ಅದೇ ಹೊಲದಲ್ಲಿ ಜೀತಕ್ಕಿದ್ದು ದುಡಿದ, ಒಡೆಯನ ಜೊತೆಗೇ ಊರು ಬಿಟ್ಟು ಬಂದ ಮನೆಗಳ ಕತೆ ಉಳಿಯಲಿಲ್ಲ. ಮೂಲಪುರುಷನ ಕತೆಯಲ್ಲಿ ಪುರಾಣವೂ ಬೆರೆತಿರುತ್ತದೆ. ಹಾಗೆಂದು ಹೊತ್ತಿಗೆಯನ್ನು ತಳ್ಳಿಹಾಕುವ ಅಗತ್ಯವಿಲ್ಲ. ಶಾಸನ, ಕಂದಾಯ ದಾಖಲೆ, ಹಿರಿಯರ ನೆನಪು ಇವುಗಳ ಪಕ್ಕದಲ್ಲಿಟ್ಟು ಓದಿದರೆ ಕಾಳು, ಜೊಳ್ಳು ಬೇರೆಯಾಗುತ್ತವೆ.

ಇನ್ನೊಂದು ಎಚ್ಚರವೂ ಬೇಕು. ಹರಿದ್ವಾರದ ಪಂಡರ ವಂಶಾವಳಿ ಪುಸ್ತಕಗಳನ್ನು ಅಮೆರಿಕದ ಯೂಟಾ ರಾಜ್ಯದ ವಂಶಚರಿತ್ರೆ ಸಂಸ್ಥೆ ಕಳೆದ ಶತಮಾನದಲ್ಲೇ ಮೈಕ್ರೋಫಿಲ್ಮ್ ಮಾಡಿಸಿತು. ಹೆಳವರ ಪುಸ್ತಕಗಳೂ ಡಿಜಿಟಲ್ ರೂಪಕ್ಕೆ ಬರಬೇಕಾದವೇ. ಆದರೆ ಅವು ಹೆಳವರ ಸ್ವತ್ತು, ಅವರ ಅನ್ನದ ಮೂಲ. ಅವರ ಒಪ್ಪಿಗೆ, ಅವರ ಹೆಸರು, ಅವರಿಗೆ ಸಲ್ಲುವ ಗೌರವಧನ ಇವಿಲ್ಲದೆ ಒಂದು ಪುಟವನ್ನೂ ಪ್ರತಿ ಮಾಡಬಾರದು. ವಿಶ್ವವಿದ್ಯಾಲಯದ ಜಾನಪದ, ಇತಿಹಾಸ ವಿಭಾಗಗಳು ಕೈಹಾಕುವುದಾದರೆ ಓದಿದ ಹೆಳವ ಯುವಕ ಯುವತಿಯರನ್ನೇ ಆ ಕೆಲಸಕ್ಕೆ ನೇಮಿಸಲಿ. ಹಳೆಯ ಒಪ್ಪಂದಕ್ಕೆ ಇದೇ ಹೊಸ ರೂಪ.

ಓದುಗರಲ್ಲಿ ಅರಿಕೆ

ಈ ಸಂಚಿಕೆ ಕೈಗೆತ್ತಿಕೊಂಡ ಪ್ರತಿ ಮನೆಯಲ್ಲೂ ಒಂದು ದಪ್ಪ ನೋಟ್‌ಬುಕ್ ಇದಕ್ಕೆಂದೇ ಇರಲಿ. ಬೆಡಗು, ಮನೆದೇವರು, ಬಿಟ್ಟುಬಂದ ಊರು, ಬಂದ ಕಾರಣ, ಗೊತ್ತಿರುವಷ್ಟು ತಲೆಮಾರು ಬರೆಯಿರಿ. ಅಜ್ಜಿಯ ಹೆಸರು, ಅವರ ತವರೂರು, ಅವರ ತಾಯಿಯ ಹೆಸರನ್ನು ತಪ್ಪದೆ ಬರೆಯಿರಿ. ನಿಮ್ಮ ಹೊಲದಲ್ಲಿ ತಲೆಮಾರುಗಟ್ಟಲೆ ದುಡಿದ ಮನೆಯವರ ಹೆಸರನ್ನೂ ಅವರನ್ನೇ ಕೇಳಿ ಬರೆಯಿರಿ. ಅವರ ಮನೆಗೂ ಅಂಥದೊಂದು ಪುಸ್ತಕ ಕೊಡಿ. ಹಳೆಯ ಫೋಟೋದ ಹಿಂದೆ ಯಾರ್ಯಾರೆಂದು ಪೆನ್ಸಿಲ್ಲಿನಲ್ಲಿ ಗುರುತಿಸಿ. ಹಿರಿಯರ ಮಾತನ್ನು ಮೊಬೈಲಿನಲ್ಲಿ ಹಿಡಿದಿಡಿ. ಮುಂದಿನ ಸುಗ್ಗಿಗೆ ಹೆಳವರು ಬಂದಾಗ ಬೆಂಗಳೂರಿನಲ್ಲಿರುವ ಮಕ್ಕಳನ್ನು ಊರಿಗೆ ಕರೆಸಿ, ಜಗಲಿಯ ಮೇಲೆ ಕೂರಿಸಿ, ಪೂರ್ತಿ ಕೇಳಿಸಿ. ಹೆಳವರಿಗೆ ಕೊಡುವುದನ್ನು ಅವರ ಪಾಲೆಂದು ತಿಳಿದು ತುಂಬು ಕೈಯಿಂದ ಕೊಡಿ. ನಮ್ಮ ಹಿರಿಯರು ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಹೊಣೆ ಈಗ ನಮ್ಮದು.